ಪಾಪ, ಮೀನು!

ಆಫೀಸಿನ ಮೀನಿನ ಟ್ಯಾಂಕಿಗೆ "ದಯವಿಟ್ಟು ಏನನ್ನೂ ತಿನ್ನಿಸಬೇಡಿ" ಎಂದು ಚೀಟಿ ಅಂಟಿಸಿದರೆ ಆಗುವುದಿಷ್ಟೇ: ಅದುವರೆಗೆ ಟ್ಯಾಂಕಿನತ್ತ ತಿರುಗಿಯೂ ನೋಡದವರು ಚೀಟಿ ಓದಲು ಬರುತ್ತಾರೆ, ಓದಿ "ಅಯ್ಯೋ ಪಾಪ, ಇದಕ್ಕೆ ಯಾರೂ ಏನೂ ಹಾಕೋದೇ ಇಲ್ವಂತೆ" ಎಂದು ಮರುಗುತ್ತಾರೆ, ಮರುಗಿ ಬಿಸ್ಕತ್ತು ಹಾಕುತ್ತಾರೆ. ಇವತ್ತು ಬೆಳಿಗ್ಗೆಯೂ ಒಂದು ಬಿಸ್ಕತ್ತು ಮರಳಿನ ಮೇಲೆ ಬಿದ್ದಿತ್ತು. ಬಿದ್ದಿತ್ತು ಅನ್ನುವುದೂ ತಪ್ಪು. ರಾತ್ರಿಯಿಡೀ ನೆನೆದು ಸಂಸಾರ ಸಮೇತ ಹರಡಿಕೊಂಡಿತ್ತು. ನೀರೆಲ್ಲ ಅಕ್ಕಿ ತೊಳೆದ ಹಾಗೆ. ಮೇಲೆ ನಿಂತ ಮೀನು ಒಂದು ಕಣ್ಣನ್ನು ಬಿಸ್ಕತ್ತಿನ ಮೇಲೂ ಇನ್ನೊಂದನ್ನು ಮನುಷ್ಯರ ಮೇಲೂ ಇಟ್ಟಿತ್ತು. ಹೆದರಿದರೆ ಮೈ ಉಬ್ಬಿಸಿಕೊಳ್ಳುವ ಈ ಪಫರ್ ಮೀನಿಗೆ ಎರಡು ಕಣ್ಣುಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಲು ಬರುತ್ತದೆ. ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನ್ ನೋಡುವವರಿಗೆ ಈ ವಿದ್ಯೆ ಸಿಗಬೇಕಿತ್ತು.

ಎಲ್ಲ ಶುರುವಾಗುವುದು ಒಂದೇ ಮಾತಿನಿಂದ: "ಅಕ್ವೇರಿಯಂ ಇಡೋಣ, ಆದರೆ ಮೆಂಟೆನೆನ್ಸ್ ಇರಬಾರದು." ಮೆಂಟೆನೆನ್ಸ್ ಇಲ್ಲದ ಮೀನು ಕ್ಯಾಲೆಂಡರಿನಲ್ಲಿರುತ್ತದೆ. ನೀರಿನಲ್ಲಿರುವ ಮೀನಿಗೆ ಕೆಲಸ ಕಡಿಮೆ ಆಗಬೇಕಿದ್ದರೆ ತರುವ ಮುಂಚೆ ತಲೆ ಓಡಿಸಬೇಕು, ತಂದ ಮೇಲೆ ಕೈಕಟ್ಟಿ ಕೂರಬೇಕು. ಮಿಕ್ಕೆಲ್ಲ ವಿಷಯದಲ್ಲಿ ಆಫೀಸಿನವರಿಗೆ ಸಲೀಸಾಗಿ ಒಲಿದಿರುವ ಈ ಎರಡನೆಯ ಕಲೆ ಟ್ಯಾಂಕಿನ ಮುಂದೆ ಮಾತ್ರ ಮರೆತುಹೋಗುತ್ತದೆ.

ಮೊದಲು ಮೀನಿನ ಆಯ್ಕೆ. ಎಲ್ಲರ ಕಣ್ಣೂ ಮುಳ್ಳುಮುಳ್ಳಿನ ಪೋರ್ಕ್ಯುಪೈನ್ ಪಫರ್ ಮೇಲೆಯೇ. ಅಂಗಡಿಯಲ್ಲಿ ಅದು ಬೆರಳುದ್ದ. ಬೆಳೆದರೆ ಒಂದಡಿ ದಾಟುತ್ತದೆ, ಐನೂರಾರುನೂರು ಲೀಟರ್ ನೀರು ಕೇಳುತ್ತದೆ. ಆಫೀಸಿಗೆ ಸರಿಹೋಗುವುದು ವ್ಯಾಲೆಂಟಿನಿ ಪಫರ್. ಸುಮಾರು 10 ಸೆಂ.ಮೀ. ಬೆಳೆಯುತ್ತದೆ, ಬೆನ್ನಿನ ಮೇಲೆ ನಾಲ್ಕು ಕಪ್ಪು ಪಟ್ಟೆಗಳು, ಕುದುರೆಗೆ ಜೀನು ಹಾಕಿದ ಹಾಗೆ. ಮೈಯಲ್ಲಿ ವಿಷ ಇರುವುದರಿಂದ ಇದನ್ನು ದೊಡ್ಡ ಮೀನುಗಳು ಮುಟ್ಟುವುದಿಲ್ಲ. ಅದನ್ನು ನೋಡಿಕೊಂಡು, ವಿಷವೇ ಇಲ್ಲದ ಇನ್ನೊಂದು ಮೀನು ಥೇಟ್ ಇದರದೇ ವೇಷ ಹಾಕಿಕೊಂಡು ಸಮುದ್ರದಲ್ಲಿ ಬದುಕಿಕೊಂಡಿದೆ. ಅದರ ಹೆಸರು ಫೈಲ್‌ಫಿಶ್. ಆಫೀಸಿಗೆ ಹೇಳಿ ಮಾಡಿಸಿದ್ದು.

ಟ್ಯಾಂಕ್ 90 ಸೆಂ.ಮೀ. ಉದ್ದ, 40 ಅಗಲ, 45 ಎತ್ತರ ಇದ್ದರೆ ಸಾಕು. ಲೆಕ್ಕಕ್ಕೆ 162 ಲೀಟರ್. ಕಲ್ಲು, ಮರಳು ಕಳೆದರೆ 140ರ ಆಸುಪಾಸು. ಎಲ್ಲ ಸೇರಿದರೆ ಇನ್ನೂರೈವತ್ತು ಕಿಲೋ ಹತ್ತಿರ ತೂಗುತ್ತದೆ, ಆದ್ದರಿಂದ "ಆ ಪ್ರಿಂಟರ್ ಟೇಬಲ್ ಖಾಲಿ ಇದೆಯಲ್ಲ" ಅನ್ನುವವರ ಮಾತು ಕೇಳಬಾರದು. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸುಮಾರು 5 ಕಿಲೋ ಸಮುದ್ರದ ಉಪ್ಪಿನ ಮಿಶ್ರಣ, ಆರ್‌ಓ ನೀರಿನಲ್ಲಿ. ಅಡುಗೆ ಉಪ್ಪು ನಡೆಯುವುದಿಲ್ಲ. ಅದರಲ್ಲಿ ಸಮುದ್ರಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಕಾರ್ಬೊನೇಟ್ ಎಲ್ಲಿ ಬರಬೇಕು? ನೀರಿಗೆ ಉಪ್ಪು ಹಾಕಿ, ಪಂಪ್ ಬಿಟ್ಟು ಒಂದು ದಿನ ತಿರುಗಿಸಿ, ಉಪ್ಪುನೀರಿನ ಸಾಂದ್ರತೆ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ತೋರಿಸಿದ ಮೇಲೆ ಟ್ಯಾಂಕಿಗೆ. ಶಾಖ 25 ಡಿಗ್ರಿ. ಹೀಟರಿಗೆ ಪ್ಲಾಸ್ಟಿಕ್ ಕವಚ ಕಡ್ಡಾಯ, ಒಳಗಿನ ವೈರುಗಳು ಕಲ್ಲಿನ ಹಿಂದೆ. ಪಫರ್ ಬಾಯಿ ಸುಮ್ಮನಿರುವುದಿಲ್ಲ.

ಇಷ್ಟಾದ ಮೇಲೆ ನಾಲ್ಕರಿಂದ ಆರು ವಾರ ಮೀನಿಲ್ಲದ ಟ್ಯಾಂಕ್ ಓಡಬೇಕು. ಮೀನಿನ ಕಸದಿಂದ ಬರುವ ಅಮೋನಿಯವನ್ನು ನೈಟ್ರೈಟ್ ಮಾಡುವ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕಲ್ಲಿನಲ್ಲಿ ಮನೆ ಮಾಡಲು ಅಷ್ಟು ಕಾಲ ಬೇಕು. ಮೀನಿಲ್ಲದ್ದರಿಂದ ಅವಕ್ಕೆ ಆಹಾರವಾಗಿ ನಾವೇ ಹಾಕಿದ ಅಮೋನಿಯ ಒಂದೇ ದಿನದಲ್ಲಿ ಸೊನ್ನೆಗೆ ಇಳಿದು, ನೈಟ್ರೈಟೂ ಸೊನ್ನೆ ಬಂದರೆ ಮನೆ ಸಿದ್ಧ. ಆ ಆರು ವಾರ ಹಾದುಹೋಗುವವರೆಲ್ಲ "ಮೀನೆಲ್ಲಿ?" ಅನ್ನುತ್ತಾರೆ. ಮೂರನೆಯ ವಾರದ ಹೊತ್ತಿಗೆ "ನಾನು ನೋಡಿದೆ, ಕಲ್ಲಿನ ಹಿಂದಿದೆ, ಸ್ವಲ್ಪ ನಾಚಿಕೆ ಸ್ವಭಾವ" ಅನ್ನುವವರೂ ಸಿಗುತ್ತಾರೆ.

ಮೀನು ಬಂದ ದಿನದಿಂದ ಒಂದೇ ಬೇಡಿಕೆ: "ಉಬ್ಬಿಸಿ ತೋರಿಸಿ." ಅದು ಬಲೂನ್ ಅಲ್ಲ. ಜೀವಕ್ಕೆ ಬಂತು ಅನ್ನಿಸಿದಾಗ ಹೊಟ್ಟೆಗೆ ನೀರು ಎಳೆದುಕೊಂಡು ಉಬ್ಬುತ್ತದೆ. ಬಲೆಯಲ್ಲಿ ಎತ್ತಿದರೆ ನೀರಿನ ಬದಲು ಗಾಳಿ ನುಂಗಬಹುದು, ಆಮೇಲೆ ಅದನ್ನು ಹೊರಹಾಕಲಾಗದೆ ತಲೆಕೆಳಗಾಗಿ ತೇಲುತ್ತದೆ. ಸಾಗಿಸಬೇಕಾದರೆ ನೀರಿನೊಳಗೇ ಡಬ್ಬಿಗೆ ಹೊಗಿಸಿ ಸಾಗಿಸಬೇಕು. ಮುಖ ಊದಿಸಿಕೊಂಡವರನ್ನು ನೋಡಲೇಬೇಕೆಂದಿದ್ದರೆ ಇನ್‌ಕ್ರಿಮೆಂಟ್ ಪತ್ರ ಬರುವ ದಿನದವರೆಗೆ ಕಾಯಬಹುದಲ್ಲ.

ಇನ್ನು ಶುಕ್ರವಾರ ಸಂಜೆ ವಿದ್ಯುತ್ ಉಳಿಸುವವರು. ಕೊನೆಗೆ ಹೊರಡುವವರು ಕಂಡ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಾರೆ, ಪಂಪೂ ಆರುತ್ತದೆ, ನೀರಿನ ಆಮ್ಲಜನಕ ಇಳಿಯುತ್ತದೆ. ಮುಚ್ಚಿದ ಡಬ್ಬಿಯೊಳಗೆ ನೀರು ಸೋಸುವ ಕ್ಯಾನಿಸ್ಟರ್ ಫಿಲ್ಟರ್ ಇದ್ದರಂತೂ ಒಳಗಿನ ಬ್ಯಾಕ್ಟೀರಿಯಾ ಸತ್ತು, ಸೋಮವಾರ ಸ್ವಿಚ್ ಹಾಕಿದೊಡನೆ ಆ ಕೊಳಕೆಲ್ಲ ಟ್ಯಾಂಕಿಗೇ ನುಗ್ಗುತ್ತದೆ. ಆದ್ದರಿಂದ ಕ್ಯಾನಿಸ್ಟರ್ ಬೇಡ. ಬೇರೆ ಲೈನು, ಸ್ವಿಚ್ಚಿನ ಮೇಲೆ ಟೇಪು, ಕರೆಂಟು ಹೋದರೆ ತಾನೇ ಶುರುವಾಗುವ ಬ್ಯಾಟರಿಯ ಏರ್ ಪಂಪು. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಬೇಕು. 20 ಲೀಟರಿನ ಡಬ್ಬಿಯಿಂದ ತಾನಾಗಿ ತುಂಬುವ ಸಾಧನ ಹಾಕಿಬಿಟ್ಟರೆ ಆ ತಲೆನೋವು ಮುಗಿಯಿತು. ಎರಡು ವಾರಕ್ಕೊಮ್ಮೆ ಇಪ್ಪತ್ತೈದು ಲೀಟರ್ ನೀರು ಬದಲಿಸುವುದು, ಅದೂ ಒಂದು ತಾಸಿನ ಕೆಲಸ. ಅಂದರೆ ಮೀನಿನ ಮೆಂಟೆನೆನ್ಸ್ ನಿಜಕ್ಕೂ ಇಷ್ಟೇ.

ಮಿಕ್ಕದ್ದೆಲ್ಲ ಪಾಪದ್ದು.

ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ, ಅವರ ಬಾಯಲ್ಲಿ ಪ್ರತಿ ವಾಕ್ಯವೂ "ಪಾಪ"ದಿಂದಲೇ ಶುರು. "ಪಾಪ, ಒಂಟಿಯಾಗಿದೆ, ಜೊತೆಗೊಂದು ತನ್ನಿ." ತಂದರೆ ಇದು ಅದರ ರೆಕ್ಕೆ ಕಚ್ಚುತ್ತದೆ. ಪಾಚಿ ತಿನ್ನಲೆಂದು ಬಿಟ್ಟ ಬಸವನಹುಳು, ಏಡಿಗಳೆಲ್ಲ ಸ್ವಚ್ಛತಾ ಸಿಬ್ಬಂದಿಯಾಗಿ ಬಂದು ಮಧ್ಯಾಹ್ನದ ಊಟವಾಗಿ ನಿವೃತ್ತರಾಗುತ್ತವೆ. "ಪಾಪ, ಸತ್ತೇಹೋಯ್ತು!" ಸತ್ತಿಲ್ಲ, ನಿದ್ದೆ, ಬಣ್ಣ ಮಾಸಿಕೊಂಡು, ಬಾಲ ಮಡಚಿ ಮರಳಿನ ಮೇಲೆ ಬಿದ್ದುಕೊಳ್ಳುವುದು ಅದರ ಅಭ್ಯಾಸ. ಎಲ್ಲಕ್ಕಿಂತ ಮೇಲೆ, "ಪಾಪ, ಹಸಿದಿದೆ ನೋಡಿ." ಗಾಜಿಗೆ ಮೂತಿ ಒತ್ತಿ, ಬದಿಯ ರೆಕ್ಕೆಗಳನ್ನು ಪಟಪಟ ಬಡಿಯುತ್ತ ಮೇಲೆ ಕೆಳಗೆ ಓಡಾಡುವ ಮೀನು ನೋಡಿದರೆ ಕಲ್ಲೂ ಕರಗುತ್ತದೆ, ನಿಜ. ಆದರೆ ಅದು ಊಟ ಮುಗಿಸಿ ಐದು ನಿಮಿಷಕ್ಕೂ ಹೀಗೇ ಕುಣಿಯುತ್ತದೆ. ದಿನಕ್ಕೊಮ್ಮೆ, ಹೊಟ್ಟೆ ಒಂಚೂರು ದುಂಡಗಾಗುವಷ್ಟು ಸಾಕು. ಶನಿವಾರ ಭಾನುವಾರ ಉಪವಾಸ ಮಾಡಿದರೆ ಏನೂ ಆಗದು. ಊಟವೂ ಮೆತ್ತಗಿರಬಾರದು. ಅದರ ನಾಲ್ಕು ಹಲ್ಲುಗಳು ಕೊಕ್ಕಿನ ಹಾಗೆ ಕೂಡಿಕೊಂಡು ಜೀವಮಾನವಿಡೀ ಬೆಳೆಯುತ್ತವೆ, ಸಿಪ್ಪೆ ಸಮೇತ ಸಿಗಡಿ, ಚಿಪ್ಪು ಸಮೇತ ಬಸವನಹುಳು ಕಡಿದರೆ ಮಾತ್ರ ಸವೆಯುತ್ತವೆ. ಬಿಸ್ಕತ್ತು ತಿಂದು ಯಾರ ಹಲ್ಲೂ ಸವೆದದ್ದಿಲ್ಲ. ಬೆಳೆದು ಬಾಯಿ ತೆರೆಯದಂತಾದರೆ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮಂಪರು ತರಿಸಿ, ತಿಳಿದವರು ಹಲ್ಲು ಕತ್ತರಿಸಬೇಕಾಗುತ್ತದೆ. ಆಗ ಸುತ್ತ ನಿಂತು "ಪಾಪ" ಅನ್ನುವವರೂ ಅವರೇ.

ಪಾಪದ ಕೊಡ ತುಂಬುತ್ತದೆ ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ನೋಡಬೇಕಿದ್ದರೆ ಪ್ರೋಟೀನ್ ಸ್ಕಿಮ್ಮರಿನ ಕಪ್ ನೋಡಿ. ಸಣ್ಣ ಸಣ್ಣ ಗುಳ್ಳೆಗಳಿಗೆ ಅಂಟಿಕೊಂಡು ನೀರಿನ ಕೊಳೆಯೆಲ್ಲ ಮೇಲೇರಿ ಅದರಲ್ಲಿ ಬೀಳುತ್ತದೆ. ಪಫರ್ ಉಣ್ಣುವುದೇ ಚೆಲ್ಲಾಡಿಕೊಂಡು, ಆದ್ದರಿಂದ ಟ್ಯಾಂಕಿನ ಎರಡು ಪಟ್ಟು ಅಳತೆಗೆ ಹೇಳಿದ ಸ್ಕಿಮ್ಮರೇ ಹಾಕಬೇಕು. ಮಾಮೂಲಿ ವಾರದಲ್ಲಿ ಕಪ್ಪಿನ ತಳ ಮುಚ್ಚುವಷ್ಟು ಕಪ್ಪು ಕಷಾಯ. ಮರುಕದ ವಾರದಲ್ಲಿ ಕಂಠಪೂರ್ತಿ. ವಾಸನೆ ಕಾನ್ಫರೆನ್ಸ್ ರೂಮಿನವರೆಗೆ.

ಏಳು ಗಂಟೆಗೆ ಟೈಮರ್ ದೀಪ ಆರಿಸುತ್ತದೆ. ಮೀನು ಮಾಸಲು ಬಣ್ಣಕ್ಕೆ ತಿರುಗಿ ತನ್ನ ಮೂಲೆ ಸೇರುತ್ತದೆ. ಕೊನೆಗೆ ಹೊರಡುವವರ ಕಡೆ ಒಂದು ಕಣ್ಣು ಮಾತ್ರ ನಿಧಾನಕ್ಕೆ ತಿರುಗುತ್ತದೆ. ದಿನವೂ ಊಟ ಹಾಕುವವರನ್ನು ಅದು ಗುರುತು ಹಿಡಿಯುತ್ತದೆ. ಉಳಿದವರು ಸ್ಕ್ರೀನಿನಿಂದ ತಲೆ ಎತ್ತದಿದ್ದರೂ, ಊಟ ಹಾಕುವವರು ಬಾಗಿಲು ದಾಟಿ ಒಳಬಂದೊಡನೆ ಗಾಜಿಗೆ ಬರುತ್ತದೆ. ಸಿಗಡಿಗಾಗಿಯೇ ಇರಬಹುದು. ಆದರೂ ಬರುತ್ತದೆ.

ಈಗ ಹಳೆಯ ಚೀಟಿ ಕಿತ್ತು "ಈ ಮೀನು ಕಚ್ಚುತ್ತದೆ" ಎಂದು ಬರೆದು ಅಂಟಿಸಲಾಗಿದೆ. ಮಧ್ಯಾಹ್ನದ ಹೊತ್ತಿಗೆ ಮೂರು ಜನ ಮುಚ್ಚಳ ಎತ್ತಿ, ಬೆರಳು ಅದ್ದಿ ಪರೀಕ್ಷಿಸಿದ್ದಾರೆ. ಒಬ್ಬರ ಕೈಯಲ್ಲಿ ಸಾಬೂನಿತ್ತಂತೆ. ಸ್ಕಿಮ್ಮರ್ ನೊರೆ ಉಕ್ಕಿ ಕಾರ್ಪೆಟ್ಟಿನ ಮೇಲೆ ಹರಿಯುತ್ತಿದೆ.