ಬಂತು ಬಂತು!

ಜುಲೈ ತಿಂಗಳಲ್ಲಿ ಸಕಲೇಶಪುರದ ಕಡೆ ತೋಟದ ರಸ್ತೆ ಅಂದರೆ ಕಲಸಿಟ್ಟ ಹಿಟ್ಟು. ನಮ್ಮ ಹಳೇ ಜೀಪು ಹೂತುಕೊಂಡಾಗಲೆಲ್ಲ ಪಕ್ಕದ ತೋಟದ ಟ್ರ್ಯಾಕ್ಟರ್ ಬರಬೇಕು. ಅದರ ಜೊತೆ ಡ್ರೈವರನ ನಗುವೂ ಬರುತ್ತದೆ. ಆ ನಗು ತಪ್ಪಿಸಲಿಕ್ಕೇ ನಾನು ವಿಂಚ್ ತರಿಸಿದ್ದು. ವಿಂಚ್ ಅಂದರೆ ಗಾಡಿಯ ಮುಂದೆ ಕೂರಿಸುವ, ಡ್ರಮ್ಮಿಗೆ ರೋಪ್ ಸುತ್ತಿಕೊಳ್ಳುತ್ತಾ ಎಳೆಯುವ ಯಂತ್ರ.

9,500 ಪೌಂಡ್ ಎಳೆಯುವ ವಿಂಚ್. ನಮ್ಮ ಲೆಕ್ಕದಲ್ಲಿ ಸುಮಾರು 4,300 ಕೆಜಿ.

"ಇದೇನೋ, ಮನೆ ಎಳೀತೀಯಾ?" ಅಂದರು ಅಪ್ಪ. ಕೆಸರು ಚಕ್ರ ಕಚ್ಚಿಕೊಂಡರೆ ಜಾಸ್ತಿ ಬಲ ಬೇಕು, ಡ್ರಮ್ಮಿಗೆ ರೋಪ್ ಸುತ್ತು ಸುತ್ತು ಏರಿದ ಹಾಗೆ ಎಳೆಯುವ ಶಕ್ತಿ ಇಳಿಯುತ್ತದೆ ಅಂತೆಲ್ಲ ವಿವರಿಸಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚಿಕೊಂಡರು.

ಗ್ಯಾರೇಜಿನವನು, "ಅಣ್ಣಾ, ಚಾಸಿಗೆ ದಪ್ಪ ಪ್ಲೇಟ್ ಕೊಟ್ಟು ಕೂರಿಸೋಣ. ಎರಡು ದಿನ ಗಾಡಿ ಬಿಡಿ" ಅಂದ. ಎರಡು ದಿನ ಯಾರು ಕಾಯುತ್ತಾರೆ? ಬಂಪರ್ ಕಬ್ಬಿಣದ್ದೇ ಅಲ್ವಾ! ನಾನೇ ತೂತು ಕೊರೆದು ನಾಲ್ಕು ಹೊಸ ಬೋಲ್ಟ್ ಬಿಗಿದೆ. ಆ ಬಂಪರನ್ನು ಚಾಸಿಗೆ ಹಿಡಿದಿದ್ದ ಬೋಲ್ಟುಗಳಿಗೆ ಹೆಚ್ಚುಕಮ್ಮಿ ನನ್ನಷ್ಟೇ ವಯಸ್ಸು. ಅದು ಆಗ ಹೊಳೆಯಲಿಲ್ಲ. ವಿಂಚಿನ ಭಾರಕ್ಕೆ ಜೀಪು ಮೂತಿ ಬಗ್ಗಿಸಿ ನಿಂತಿತು. ಹೊಸ ಮದುಮಗಳ ನಾಚಿಕೆ ಅಂದುಕೊಂಡೆ.

ನಾಲ್ಕೇ ದಿನಕ್ಕೆ ಜೀಪು ಹೂತುಹೋಯಿತು. ಸುಳ್ಳು ಯಾಕೆ, ಖುಷಿಯಾಯಿತು. ಎಲ್ಲಾ ಕ್ರಮಪ್ರಕಾರ ಮಾಡಿದೆ. ಸಿಲ್ವರ್ ಓಕ್ ಮರಕ್ಕೆ ಅಗಲದ ಬೆಲ್ಟ್ ಸುತ್ತಿದೆ. ಅದೂ ಮೆಣಸಿನ ಬಳ್ಳಿ ಇಲ್ಲದ ಮರ ಹುಡುಕಿ. ಬಳ್ಳಿಗೆ ಪೆಟ್ಟಾದರೆ ರಾತ್ರಿ ಊಟ ಸಿಗುವುದಿಲ್ಲ. ವೈರ್ ರೋಪ್ ತುಂಡಾದರೆ ಚಾಟಿಯ ಹಾಗೆ ಬೀಸದಿರಲಿ ಅಂತ ಅದರ ಮೇಲೆ ಒದ್ದೆ ಗೋಣಿಚೀಲ ಹಾಕಿದೆ. ವಿಂಚ್ ಬ್ಯಾಟರಿ ಹೀರಿಬಿಡುತ್ತದೆ, ಹಾಗಾಗಿ ಇಂಜಿನ್ ಚಾಲೂ ಇಟ್ಟೆ. ದೂರ ನಿಂತು ರಿಮೋಟ್ ಒತ್ತಿದೆ.

ರೋಪ್ ಬಿಗಿಯಿತು. ಏನೋ ಕದಲಿತು. "ಬಂತು ಬಂತು!" ಅಂತ ಕೂಗಿದೆ.

ಬಂದಿದ್ದು ಬಂಪರ್.

ಗಾಬರಿಯಲ್ಲಿ ಬೆರಳು ಗುಂಡಿ ಬಿಡಲಿಲ್ಲ. ಬ್ಯಾಟರಿಯ ವೈರು ಕಿತ್ತು ಬರುವವರೆಗೆ ಬಂಪರ್, ವಿಂಚ್ ಎರಡೂ ಮರದ ಕಡೆ ತೆವಳಿದವು. ಜೀಪು ಇದ್ದಲ್ಲೇ ಇತ್ತು.

ಟ್ರ್ಯಾಕ್ಟರ್ ಬಂತು. ಡ್ರೈವರ್ ಮರ ನೋಡಿದ, ಬಂಪರ್ ನೋಡಿದ. ಈ ಸಲ ನಗಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು.

"ಅಣ್ಣಾ, ಈಗ ಹಗ್ಗ ಎಲ್ಲಿಗೆ ಕಟ್ಟಲಿ?"

ಕೊನೆಗೆ ಹಿಂದಿನಿಂದ ಎಳೆದೆವು. ಹಿಂದಿನ ಬಂಪರನ್ನು ನಾನಿನ್ನೂ ಮುಟ್ಟಿರಲಿಲ್ಲ.