ಜೀಪ್ ಇದೆ, ಡೀಸೆಲ್ ಇದೆ, ಡ್ರೈವರ್ ಶಬರಿಮಲೆಯಲ್ಲಿದ್ದಾರೆ

ನಮ್ಮ ಕಾಸರಗೋಡಿನ ಅಡಿಕೆ ಕಳ್ಳರ ಬುದ್ಧಿಯನ್ನು ಮೆಚ್ಚಲೇಬೇಕು. ವೃಶ್ಚಿಕ ಸಂಕ್ರಮಣ ಬರುವವರೆಗೆ ಗಪ್‌ಚುಪ್. ಆಮೇಲೆ ಶುರು. ಯಾಕೆಂದರೆ ಅದೇ ಹೊತ್ತಿಗೆ ತೋಟದಲ್ಲಿ ಕೊಯ್ಲಾಗಿ ಅಡಿಕೆ ಅಂಗಳಕ್ಕೆ ಬಂದು ಬೀಳುತ್ತದೆ, ಅದೇ ಹೊತ್ತಿಗೆ ಶಬರಿಮಲೆಯಲ್ಲಿ ಮಂಡಲ ಕಾಲ ಸುರುವಾಗಿ ನಮ್ಮ ಠಾಣೆಯ ಪೊಲೀಸರು ಬ್ಯಾಚು ಬ್ಯಾಚಾಗಿ ಪಂಪೆಗೆ ಹೋಗುತ್ತಾರೆ. ಮಕರವಿಳಕ್ಕು ಮುಗಿಸಿ ಅವರು ಬೆಟ್ಟ ಇಳಿಯುವಷ್ಟರಲ್ಲಿ ಇಲ್ಲಿ ಒಣಗಿದ ಅಡಿಕೆ ಗೋಣಿ ಸಮೇತ ನಾಪತ್ತೆ. ಅಯ್ಯಪ್ಪನ ಸೀಸನ್ನೂ ಕಳ್ಳನ ಸೀಸನ್ನೂ ಒಂದೇ.

ಮೊನ್ನೆ ನೆರೆಮನೆಯ ಭಟ್ಟರಿಗೆ ಹೀಗೇ ಆಯಿತು. ರಾತ್ರಿ ನಾಯಿ ಬೊಗಳಿತು. ಟಾರ್ಚ್ ಹಿಡಿದು ಹೊರಗೆ ಬಂದರೆ ಗೇಟಿನ ಹತ್ತಿರ ಓಮ್ನಿ ಸ್ಟಾರ್ಟ್ ಆದ ಸದ್ದು. ಭಟ್ಟರು ಬುದ್ಧಿವಂತರು, 112ಕ್ಕೆ ಫೋನ್ ಮಾಡಿದರು. ಈ 112 ಅನ್ನುವುದು ದೊಡ್ಡ ವ್ಯವಸ್ಥೆ ಮಾರಾಯ್ರೆ, ಸುಮ್ನೆ ಅಲ್ಲ. ನೀವು ಇಲ್ಲಿ ಒತ್ತಿದರೆ ಕರೆ ಸೀದಾ ತಿರುವನಂತಪುರಕ್ಕೆ ಹೋಗುತ್ತದೆ. ಅಲ್ಲಿ ಕುಳಿತವರು ನಿಮ್ಮ ಕಷ್ಟ ಕೇಳಿ, ನೀವಿರುವ ಜಾಗ ಹುಡುಕಿ, ಕಾಸರಗೋಡಿಗೆ ಹೇಳಿ, ಕಾಸರಗೋಡಿನವರು ಠಾಣೆಯ ಜೀಪಿಗೆ ಹೇಳುತ್ತಾರೆ. ಅಂದರೆ ಮೂರು ಕಿಲೋಮೀಟರ್ ಆಚೆ ಇರುವ ಠಾಣೆಗೆ ಭಟ್ಟರ ಕೂಗು ಇಡೀ ಕೇರಳ ಸುತ್ತಿ ಬಂದು ಮುಟ್ಟುತ್ತದೆ. ಗಡಿಯ ಗುಡ್ಡೆಗಳಲ್ಲಿ ಇನ್ನೂ ಮಜಾ. ಮೊಬೈಲಿಗೆ ಕರ್ನಾಟಕದ ಟವರ್ ಸಿಕ್ಕಿದರೆ ಕರೆ ಆ ಕಡೆಯ ರಾಜಧಾನಿಗೆ ಹೋಗುತ್ತದೆ. ಅವರು ಚಂದದ ಕನ್ನಡದಲ್ಲಿ, ಸಾರ್, ಅದು ನಮ್ಮ ರಾಜ್ಯಕ್ಕೆ ಬರುವುದಿಲ್ಲ ಅನ್ನುತ್ತಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಾವು ಕೇಳುತ್ತಿರುವ ಉತ್ತರ ಇದು, ಬೇಜಾರೇನಿಲ್ಲ.

ಅಂತೂ ಜೀಪ್ ಬರಲಿಲ್ಲ. ಬೆಳಿಗ್ಗೆ ಭಟ್ಟರ ಜೊತೆ ನಾನೂ ಠಾಣೆಗೆ ಹೋದೆ. ಯಾವ ಠಾಣೆ ಅಂತ ಕೇಳಬೇಡಿ, ನಿಮ್ಮ ಊರಿನದ್ದು ಅಂತಲೇ ಇಟ್ಟುಕೊಳ್ಳಿ. ಕಾಂಪೌಂಡಿನ ತುಂಬ ವಶಪಡಿಸಿಕೊಂಡ ಟಿಪ್ಪರ್‌ಗಳು. ಒಂದರಲ್ಲಿ ಹೊಯಿಗೆ (ಮರಳು) ಹಾಗೇ ಇದೆ, ಅದರ ಮೇಲೆ ಒಂದು ಪಪ್ಪಾಯಿ ಗಿಡ, ಗಿಡದಲ್ಲಿ ನಾಲ್ಕು ಕಾಯಿ. ಒಳಗೆ ಇಬ್ಬರೇ. ಬಾಗಿಲಲ್ಲಿ ಪಾರಾ, ಅಂದರೆ ಕಾವಲು, ನಿಂತವರೊಬ್ಬರು, ಮೇಜಿನ ಹಿಂದೆ ಠಾಣೆಯ ದಿನಚರಿ ಬರೆಯುವ ಜಿ.ಡಿ. ಚಾರ್ಜಿನವರೊಬ್ಬರು. ಉಳಿದವರು? ಇಬ್ಬರು ಕೋರ್ಟಿಗೆ. ಒಬ್ಬರು ಸಮನ್ಸ್ ಕೊಡಲು. ಒಬ್ಬರು ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ. ಇಬ್ಬರನ್ನು ಬೇರೆ ಕಡೆ ಅಟ್ಯಾಚ್ ಮಾಡಿದ್ದಾರೆ, ಸಂಬಳದ ಪಟ್ಟಿಯಲ್ಲಿ ಮಾತ್ರ ಇಲ್ಲಿದ್ದಾರೆ. ಜೀಪ್ ಶೆಡ್ಡಿನಲ್ಲೇ ಇತ್ತು. ಡೀಸೆಲ್ಲೂ ಇತ್ತಂತೆ. ಡ್ರೈವರ್ ಪಂಪೆಯಲ್ಲಿದ್ದರು.

"ಸಾರ್, ರಾತ್ರಿ ಫೋನ್ ಮಾಡಿದ್ದೆ" ಅಂದರು ಭಟ್ಟರು.

"ಗೊತ್ತುಂಟು ಭಟ್ರೇ, ಮೆಸೇಜ್ ಬಂದಿದೆ. ಬರುವುದು ಯಾರು ಹೇಳಿ? ನಾನು ಬಂದರೆ ಇಲ್ಲಿ ಕೂರುವುದು ಯಾರು?"

ಭಟ್ಟರ ಬಳಿ ಇದಕ್ಕೆ ಉತ್ತರ ಇರಲಿಲ್ಲ. ತಿರುವನಂತಪುರದಲ್ಲಿದೆಯೋ ಏನೋ.

ಆಮೇಲೆ ನಡೆದದ್ದು ನಿಮಗೂ ಗೊತ್ತಿರುವುದೇ. ದೂರು ಬರೆಯಲು ಹಾಳೆ ಬೇಕು, ಎದುರಿನ ಅಂಗಡಿಯಿಂದ ಭಟ್ಟರೇ ತಂದರು. ಕನ್ನಡದಲ್ಲಿ ಬರೆದರು, ಅದನ್ನು ಮಲಯಾಳದಲ್ಲಿ ಇನ್ನೊಮ್ಮೆ ಬರೆಯಬೇಕಾಯಿತು, ಅದಕ್ಕೆ ಇನ್ನೆರಡು ಹಾಳೆ. ಸಿಸಿಟಿವಿ ಇದೆಯಾ ಅಂತ ಕೇಳಿದರು. ಇದೆ, ಭಟ್ಟರದ್ದೇ ಖರ್ಚು. ಅದನ್ನು ಹಾಕಿಕೊಡಲು ಪೆನ್‌ಡ್ರೈವ್ ಬೇಕು, ಅದೂ ಭಟ್ಟರದ್ದು. ಸ್ಥಳ ನೋಡಲು ಬರಬೇಕು, ವಾಹನ ಭಟ್ಟರದ್ದು. ಮಧ್ಯಾಹ್ನ ಬಂದ ಪೊಲೀಸರಿಗೆ ಊಟದ ಹೊತ್ತಾಗಿತ್ತು, ಬಡಿಸಿದ್ದೂ ಭಟ್ಟರ ಮನೆಯಲ್ಲೇ. ಪಾಪ ಅವರು ಬೇಡ ಬೇಡ ಅಂದರು, ಭಟ್ಟತಿ ಅಕ್ಕ ಬಿಡಲಿಲ್ಲ. ಒಟ್ಟಿನಲ್ಲಿ ಒಂದು ಕಳವು ಕೇಸಿನ ತನಿಖೆಗೆ ಸರಕಾರದ ಪಾಲು ಏನು ಅಂತ ಲೆಕ್ಕ ಹಾಕಿದರೆ, ಒಂದು ಸೀಲು. ಇಂಕ್ ಪ್ಯಾಡ್ ಒಣಗಿತ್ತು, ನೀರು ಚಿಮುಕಿಸಿದರು. ಕಾನೂನಿನ ಪ್ರಕಾರ ಎಫ್ಐಆರ್‌ನ ಪ್ರತಿ ದೂರುದಾರನಿಗೆ ಉಚಿತ. ಆ ಮಾತನ್ನು ಭಟ್ಟರು ಹೇಳಿಕೊಂಡು ನಕ್ಕರು.

ಹಣ ಇಲ್ಲದ ಇಲಾಖೆ ಅಂತ ಮಾತ್ರ ಯಾರೂ ಅನ್ನಬೇಡಿ. 2020ರಲ್ಲಿ, ಊರಿಗೆ ಊರೇ ಕೊರೊನಾಕ್ಕೆ ಬಾಗಿಲು ಹಾಕಿ ಕುಳಿತಿದ್ದಾಗ, ನಮ್ಮ ಕೇರಳ ಪೊಲೀಸರಿಗೆ ಹೆಲಿಕಾಪ್ಟರ್ ಬಂತು. ತಿಂಗಳಿಗೆ 20 ಗಂಟೆ ಹಾರಾಟ, ಬಾಡಿಗೆ 1.44 ಕೋಟಿ ರೂಪಾಯಿ. ಮೂರು ವರ್ಷ ಕಳೆದು ಇನ್ನೊಂದು ಕಂಪನಿಯದ್ದು ಬಂತು, 80 ಲಕ್ಷಕ್ಕೆ. ಉಳಿತಾಯ ಅಂದರೆ ಇದು. ಈ ಎರಡು ಹೆಲಿಕಾಪ್ಟರ್‌ಗಳ ನಡುವೆ, 2022ರ ಮಾರ್ಚಿನಲ್ಲಿ, ಪೊಲೀಸ್ ಜೀಪುಗಳಿಗೆ ಎಣ್ಣೆ ಹಾಕಿಸಲು ದುಡ್ಡಿಲ್ಲದೆ, ಬಂಕಿನಲ್ಲಿ ಸಾಲ ಹೇಳಿ, ಇಲ್ಲದಿದ್ದರೆ ಕೇರಳದ ಸರಕಾರಿ ಬಸ್ಸಿನ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಕೇಳಿ ಅಂತ ಮೇಲಿನಿಂದಲೇ ಸೂಚನೆ ಬಂದಿತ್ತು. ಕೆಎಸ್‌ಆರ್‌ಟಿಸಿಯ ಹತ್ತಿರ ಸಾಲ! ಸ್ವಂತ ನೌಕರರಿಗೆ ಸಂಬಳ ಕೊಡಲು ಪರದಾಡುವ ಸಂಸ್ಥೆಯ ಹತ್ತಿರ ಸಾಲ ಕೇಳುವ ಧೈರ್ಯ ಪೊಲೀಸರಿಗೆ ಮಾತ್ರ ಬರಲು ಸಾಧ್ಯ. ಆಕಾಶದಲ್ಲಿ ಹಾರಲು ದುಡ್ಡುಂಟು, ಬದಿಯಡ್ಕದ ಗುಡ್ಡೆ ಹತ್ತಲು ಇಲ್ಲ.

ಅದೇ 2020ರ ಫೆಬ್ರವರಿಯಲ್ಲಿ ಸರಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಬಂದಿತ್ತು, ನೆನಪಿದೆ ಅಲ್ವಾ? ಕೆಳಗಿನ ಅಧಿಕಾರಿಗಳಿಗೆ ಕ್ವಾರ್ಟರ್ಸ್ ಕಟ್ಟಲು ಇಟ್ಟ ದುಡ್ಡಿನಲ್ಲಿ 2.81 ಕೋಟಿ ರೂಪಾಯಿ ತಿರುಗಿಸಿ ಡಿಜಿಪಿ, ಎಡಿಜಿಪಿಗಳಿಗೆ ವಿಲ್ಲಾ ಕಟ್ಟಿದ್ದರು. ನನಗೇನೂ ಆಶ್ಚರ್ಯ ಆಗಲಿಲ್ಲ. ಎಸ್‌ಐ ಹೇಗೂ ಮನೆಗೆ ಹೋಗುವುದಿಲ್ಲ, ಅವರಿಗೆ ಕ್ವಾರ್ಟರ್ಸ್ ಯಾಕೆ? ಮನೆಗೆ ಹೋಗಲು ಪುರುಸೊತ್ತಿರುವವರಿಗೆ ಮನೆ ಕಟ್ಟಿದರೆ ಅದರಲ್ಲಿ ತಪ್ಪೇನು?

ಇನ್ನು ಕ್ಯಾಮರಾ ವಿಷಯ. ರಾಜ್ಯದ ರಸ್ತೆಗಳಲ್ಲಿ 726 ಕ್ಯಾಮರಾ ಇಟ್ಟರು, 2023ರ ಜೂನ್‌ನಿಂದ ದಂಡ ಶುರು. ಅದು ಮೋಟಾರು ವಾಹನ ಇಲಾಖೆಯದ್ದು, ಪೊಲೀಸರದ್ದಲ್ಲ, ಗೊತ್ತು. ಆದರೂ ಹೇಳುತ್ತೇನೆ. ಭಟ್ಟರು ಒಮ್ಮೆ ಹೆಲ್ಮೆಟ್ ಇಲ್ಲದೆ ಪೇಟೆಗೆ ಹೋಗಿದ್ದಕ್ಕೆ ಅವರ ಬೋಳುಮಂಡೆಯ ಸ್ಪಷ್ಟ ಫೋಟೋ ಸಮೇತ ಮನೆಗೆ ನೋಟಿಸ್ ಬಂದಿತ್ತು. ಅಂಥ ಒಳ್ಳೆಯ ಫೋಟೋ ಅವರ ಮದುವೆಯಲ್ಲೂ ಬಂದಿರಲಿಲ್ಲ. ಈಗ ನಮಗಿರುವ ಆಸೆ ಒಂದೇ. ಆ ಓಮ್ನಿಯ ಕಳ್ಳ ಸೀಟ್ ಬೆಲ್ಟ್ ಹಾಕಿರಬಾರದು. ಹಾಕಿದ್ದರೆ ಕೇಸು ಬಿದ್ದುಹೋಯಿತು ಅಂತಲೇ ಲೆಕ್ಕ.

ಪೊಲೀಸರದ್ದು ಪೋಲ್ ಆಪ್ ಅಂತ ಒಂದು ಆಪ್ ಇದೆ, ತುಣ ಅಂತ ವೆಬ್‌ಸೈಟ್ ಇದೆ, ಫೇಸ್‌ಬುಕ್ಕಿನಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಹಿಂಬಾಲಿಸುವ ಪುಟ ಇದೆ. ಆ ಪುಟದ ಟ್ರೋಲ್ ನೋಡಿ ನಾನೂ ನಕ್ಕಿದ್ದೇನೆ, ಸುಳ್ಳು ಹೇಳಬಾರದು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಮನೆಯಲ್ಲೇ ಕುಳಿತು ದೂರು ಕಳಿಸಬಹುದು, ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಿದರಾಯಿತು. ಸಹಿ ಹಾಕಿಸಿಕೊಳ್ಳಲು ಆ ಮೂರು ದಿನ ಯಾರಾದರೂ ಕುರ್ಚಿಯಲ್ಲಿರಬೇಕು ಅನ್ನುವುದನ್ನು ಕಾನೂನು ಬರೆದವರು ಗಮನಿಸಿದ ಹಾಗಿಲ್ಲ. 2008ರಲ್ಲಿ 20 ಠಾಣೆಗಳಲ್ಲಿ ಜನಮೈತ್ರಿ ಅಂತ ಶುರು ಮಾಡಿದ್ದರು. ಬೀಟ್ ಪೊಲೀಸರು ಮನೆ ಮನೆಗೆ ಬಂದು ಕುಶಲ ಕೇಳಬೇಕು, ಊರಿನವರ ಪರಿಚಯ ಇಟ್ಟುಕೊಳ್ಳಬೇಕು. ಒಳ್ಳೆಯ ಯೋಚನೆ, ತಮಾಷೆ ಮಾಡುತ್ತಿಲ್ಲ. ಆದರೆ ಬೀಟಿಗೆ ಬರಬೇಕಾದವರೇ ಪಾರಾ ನಿಂತರೆ, ಪಾರಾ ನಿಲ್ಲಬೇಕಾದವರು ಕೋರ್ಟಿಗೆ ಹೋದರೆ ಕುಶಲ ಕೇಳುವುದು ಯಾರು? ಆಗ ಜನರೇ ಠಾಣೆಗೆ ಹೋಗಿ, ಸಾರ್ ಹೇಗಿದ್ದೀರಿ ಅಂತ ಕೇಳಬೇಕು. ನಾವು ಕೇಳಿದೆವು. ಶುಗರ್ ಉಂಟು, ಬಿಪಿ ಉಂಟು, ಇಲ್ಲಿಗೆ ಬಂದ ಮೇಲೆ ಶುರುವಾದದ್ದು ಅಂದರು.

ಇಲ್ಲಿಗೆ ಬರುವುದು ಅಂದರೆ ಅದೊಂದು ಬೇರೆ ಅಧ್ಯಾಯ. ದಕ್ಷಿಣದ ಜಿಲ್ಲೆಗಳಲ್ಲಿ ಯಾರಾದರೂ ಅಧಿಕಾರಿ ಯಾರದ್ದಾದರೂ ಕೆಂಗಣ್ಣಿಗೆ ಬಿದ್ದರೆ ಕಾಸರಗೋಡಿಗೆ ಟ್ರಾನ್ಸ್‌ಫರ್. ನಾವು ಹುಟ್ಟಿ ಬೆಳೆದ ಊರು ಬೇರೆಯವರಿಗೆ ಶಿಕ್ಷೆ! ಬಂದವರು ಮೊದಲ ದಿನ ಚಾರ್ಜ್ ತೆಗೆದುಕೊಳ್ಳುತ್ತಾರೆ, ಎರಡನೆಯ ದಿನ ರಜೆ ಅರ್ಜಿ ಕೊಡುತ್ತಾರೆ, ಮೂರನೆಯ ದಿನದಿಂದ ವಾಪಸ್ ಹೋಗುವ ದಾರಿ ಹುಡುಕುತ್ತಾರೆ. 2023ರಲ್ಲಿ ವಂದೇ ಭಾರತ್ ಬಂದದ್ದರಿಂದ ಅನುಕೂಲ ಆಗಿದೆ, ಸುಮಾರು ಎಂಟು ಗಂಟೆಯಲ್ಲಿ ತಿರುವನಂತಪುರ. ಮುಂಚೆ ಶಿಕ್ಷೆ ಸ್ವಲ್ಪ ಉದ್ದ ಇತ್ತು. ಅಂಥವರ ಮುಂದೆ ನಮ್ಮ ಅಜ್ಜಿಯಂದಿರು ಹೋಗಿ ತುಳುವಿನಲ್ಲೋ ಕನ್ನಡದಲ್ಲೋ ಮಗ ಕುಡಿದು ಹೊಡೆಯುತ್ತಾನೆ ಅಂತ ಅಳುತ್ತಾರೆ. ಅವರು ಮಲಯಾಳದಲ್ಲಿ ಏನೋ ಸಮಾಧಾನ ಹೇಳುತ್ತಾರೆ. ಪಕ್ಕದಲ್ಲಿ ನಿಂತ ಊರಿನ ಪೊಲೀಸರೊಬ್ಬರು ಅನುವಾದಿಸುತ್ತಾರೆ. ಅವರು ಶಬರಿಮಲೆ ಡ್ಯೂಟಿಗೆ ಹೋದರೆ ಅಜ್ಜಿಯ ಕೇಸು ಮಕರವಿಳಕ್ಕಿನವರೆಗೆ ಬಾಕಿ.

2018ರಲ್ಲಿ ಒಂದು ಸುಧಾರಣೆ ಆಗಿತ್ತು. ಅಲ್ಲಿಯವರೆಗೆ ಎಸ್‌ಐ ನೋಡಿಕೊಳ್ಳುತ್ತಿದ್ದ ಠಾಣೆಗಳಿಗೆ ಇನ್ಸ್‌ಪೆಕ್ಟರ್ ಮುಖ್ಯಸ್ಥರಾದರು. ಭುಜದ ಮೇಲೆ ನಕ್ಷತ್ರ ಒಂದು ಜಾಸ್ತಿಯಾಯಿತು. ಕೆಳಗೆ ಓಡಾಡುವವರು ಅಷ್ಟೇ ಉಳಿದರು, ಸೆಲ್ಯೂಟ್ ಒಂದು ಹೆಚ್ಚಾಯಿತು. ತನಿಖೆಯನ್ನೂ ಬಂದೋಬಸ್ತನ್ನೂ ಬೇರೆ ಮಾಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಪೊಲೀಸ್ ಸುಧಾರಣೆಯ ಪ್ರಕಾಶ್ ಸಿಂಗ್ ಕೇಸಿನಲ್ಲಿ ಹೇಳಿತ್ತು. ನಮ್ಮ ಕಡೆ ಬೆಳಿಗ್ಗೆ ತನಿಖೆ ಮಾಡುವವರೂ, ಸಂಜೆ ಜಾತ್ರೆಗೆ ನಿಲ್ಲುವವರೂ, ರಾತ್ರಿ ಯಕ್ಷಗಾನದ ಮೈಕ್ ಬಂದ್ ಮಾಡಿಸಲು ಬರುವವರೂ ಒಬ್ಬರೇ. ಹತ್ತು ಗಂಟೆಗೆ ಬಂದವರು ಪ್ರಸಂಗ ಚೆನ್ನಾಗಿದ್ದರೆ ಹಿಂದೆ ನಿಂತು ಸ್ವಲ್ಪ ನೋಡುತ್ತಾರೆ. ನೋಡಲಿ ಪಾಪ.

ಪೊಲೀಸರು ಇಲ್ಲವೇ ಇಲ್ಲ ಅನ್ನುವವರು 2023ರ ನವೆಂಬರ್ 18ರಂದು ಪೈವಳಿಕೆಗೆ ಬರಬೇಕಿತ್ತು. ಸರಕಾರ ಊರೂರು ಸುತ್ತಿ ಜನರ ಮುಂದೆ ಬಂದ ನವಕೇರಳ ಸದಸ್ಸಿನ ಬಸ್ಸು ಹೊರಟದ್ದು ಅಲ್ಲಿಂದಲೇ. ಮುಖ್ಯಮಂತ್ರಿ, ಇಡೀ ಮಂತ್ರಿಮಂಡಲ, ಒಂದು ಕೋಟಿ ರೂಪಾಯಿ ದಾಟಿದ ಬಸ್ಸು. ಎಲ್ಲಿ ನೋಡಿದರೂ ಖಾಕಿ. ತಿರುವಿಗೊಬ್ಬರು, ತೋಡಿನ ಸಂಕಕ್ಕೊಬ್ಬರು, ಗೂಡಂಗಡಿಯ ಮುಂದೊಬ್ಬರು. ಅಷ್ಟು ಪೊಲೀಸರು ಎಲ್ಲಿದ್ದರು ಮಾರಾಯ್ರೆ ಅಂತ ಜನ ಬಾಯಿ ಬಿಟ್ಟುಕೊಂಡು ನೋಡಿದ್ದರು. ಆ ದಿನ ಪೈವಳಿಕೆಯಲ್ಲಿ ಒಂದು ಕೋಳಿ ಕದಿಯಲೂ ಯಾರಿಗೂ ಧೈರ್ಯ ಇದ್ದಿರಲಿಕ್ಕಿಲ್ಲ. ಸಂಜೆ ಬಸ್ಸು ಹೋಯಿತು, ಬಸ್ಸಿನ ಹಿಂದೆ ಖಾಕಿಯೂ ಹೋಯಿತು.

ಸಾಕು, ತಮಾಷೆ ಮಾಡಿ ಮಾಡಿ ಬಾಯಿ ಒಣಗಿತು. ದೇಶದ ಲೆಕ್ಕ ನೋಡಿ. 2020ರ ಜನವರಿಯಲ್ಲಿ ಲಕ್ಷ ಜನರಿಗೆ ಮಂಜೂರಾಗಿದ್ದ ಪೊಲೀಸರು ಸುಮಾರು 195, ನಿಜವಾಗಿ ಇದ್ದವರು ಸುಮಾರು 156. ಕೇರಳದಲ್ಲಿ ಖಾಲಿ ಹುದ್ದೆ ಹಲವು ರಾಜ್ಯಗಳಿಗಿಂತ ಕಡಿಮೆಯೇ. ಆದರೆ ಕಾಗದದಲ್ಲಿ ಹುದ್ದೆ ತುಂಬಿದ್ದರೆ ಊರಿಗೆ ಏನು ಬಂತು? ಒಬ್ಬನ ಹೆಸರು ಇಲ್ಲಿ, ಮನುಷ್ಯ ಇನ್ನೆಲ್ಲೋ. ಉಳಿದವನು ಇಬ್ಬರ ಕೆಲಸ ಮಾಡುತ್ತಾನೆ. ಎಂಟು ಗಂಟೆ ಡ್ಯೂಟಿ ಅನ್ನುವ ಮಾತು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ? 2024ರಲ್ಲಿ ಕೇರಳ ವಿಧಾನಸಭೆಯಲ್ಲಿ ಪೊಲೀಸರ ಆತ್ಮಹತ್ಯೆಯ ಬಗ್ಗೆ ಚರ್ಚೆ ಆಯಿತು. ಚರ್ಚೆ ಆಯಿತು, ಅಷ್ಟೇ. ನಮ್ಮ ಅಡಿಕೆ ಹೋದರೆ ಮುಂದಿನ ವರ್ಷ ಬೆಳೆಯುತ್ತೇವೆ. ಮೂವತ್ತೈದು ವರ್ಷದ ಒಬ್ಬ ಮನುಷ್ಯ ಹೋದರೆ ಆ ಮನೆಯವರು ಯಾವ ಠಾಣೆಗೆ ಹೋಗಿ ದೂರು ಕೊಡಬೇಕು?

ಜನ ಸಿಗುವುದಿಲ್ಲ ಅನ್ನುವುದಂತೂ ಶುದ್ಧ ಸುಳ್ಳು. 2024ರ ಆರಂಭದಲ್ಲಿ ಪೊಲೀಸ್ ರ‍್ಯಾಂಕ್ ಪಟ್ಟಿಯಲ್ಲಿದ್ದ ಹುಡುಗರು ಸೆಕ್ರೆಟರಿಯೇಟ್ ಮುಂದೆ ವಾರಗಟ್ಟಲೆ ಕುಳಿತರು. 2025ರ ಏಪ್ರಿಲ್‌ನಲ್ಲಿ ಹೆಣ್ಣುಮಕ್ಕಳು ಕುಳಿತರು. ಪರೀಕ್ಷೆ ಬರೆದು, ಓಡಿ, ಹಾರಿ ಪಾಸಾದವರು. ಪಟ್ಟಿಯ ಅವಧಿ ಆ ತಿಂಗಳೇ ಮುಗಿಯಿತು. ಅದಕ್ಕೂ ಮುಂಚೆ, 2019ರಲ್ಲಿ, ನಮ್ಮ ಕಾಸರಗೋಡಿನ ಹೆಸರಿರುವ ಕೇರಳ ಸಶಸ್ತ್ರ ಪೊಲೀಸ್ (ಕೆಎಪಿ) ನಾಲ್ಕನೇ ಬೆಟಾಲಿಯನ್ನಿನ ಪಟ್ಟಿಯಲ್ಲಿ ಮೊದಲ ರ‍್ಯಾಂಕ್ ಬಂದವನು ತಿರುವನಂತಪುರದ ಕಾಲೇಜಿನಲ್ಲಿ ನಡೆದ ಚೂರಿ ಇರಿತದ ಆರೋಪಿ! ಪರೀಕ್ಷಾ ಹಾಲ್‌ನಲ್ಲಿ ಅವನಿಗೂ ಅವನ ಜೊತೆಗಾರರಿಗೂ ಉತ್ತರ ಬಂದದ್ದು ಎಸ್‌ಎಂಎಸ್‌ನಲ್ಲಿ, ಉತ್ತರ ಕಳಿಸಿದವರಲ್ಲಿ ಒಬ್ಬ ಪೊಲೀಸ್ ಕೂಡ ಇದ್ದ ಅಂತ ಕೇಸಾಯಿತು. ಮೆಸೇಜು ಅಷ್ಟು ಬೇಗ ಮುಟ್ಟುವ ವ್ಯವಸ್ಥೆ 112ರಲ್ಲಿದ್ದರೆ ಎಷ್ಟು ಚೆನ್ನಾಗಿತ್ತು.

ಅವರನ್ನು ಪಟ್ಟಿಯಿಂದ ತೆಗೆದರು, ಸರಿ. ಚಳಿಯಲ್ಲಿ, ಬಿಸಿಲಲ್ಲಿ ಕುಳಿತವರಿಗೆ ಕೆಲಸ ಸಿಗದೆ ಪಟ್ಟಿ ಸತ್ತದ್ದು ಯಾರ ತಪ್ಪು ಅಂತ ಯಾರೂ ಹೇಳಲಿಲ್ಲ. ಹೊಸ ಪಟ್ಟಿ, ಹೊಸ ಪರೀಕ್ಷೆ, ಹೊಸ ಓಟ. ಅಲ್ಲಿಯವರೆಗೆ ನಮ್ಮ ಜಿ.ಡಿ. ಚಾರ್ಜಿನವರು ರಾತ್ರಿ ಊಟಕ್ಕೆ ಏಳಬೇಕಾದರೆ ಠಾಣೆಗೆ ಬೀಗ ಹಾಕಿ ಹೋಗಬಹುದೋ ಅಂತ ಯಾರಾದರೂ ತಿರುವನಂತಪುರಕ್ಕೆ ಒಂದು ಅರ್ಜಿ ಹಾಕಿ ಕೇಳಿ. ಮಲಯಾಳದಲ್ಲೇ ಬರೆಯಿರಿ, ಹಾಳೆ ಉಳಿಯುತ್ತದೆ.