ಸತ್ಯಾಂಶ: ಹಾರ್ಡನರ್ ಹೆಚ್ಚಿಸಿದರೆ ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆಯೇ?

ಮಂಗಳೂರು ಕಡೆಯ ಗಾಳದವರ ವಾಟ್ಸಾಪಿನಲ್ಲಿ ಮಳೆಗಾಲ ಬಂದರೆ ಓಡಾಡುವ ಸಲಹೆ: "ಲ್ಯೂರ್ (ಕೃತಕ ಮೀನೆರೆ) ಮೇಲಿನ ಎಪಾಕ್ಸಿ ಲೇಪ ಒಣಗದಿದ್ದರೆ ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿ."

ಇದು ತಪ್ಪು. ಎಪಾಕ್ಸಿ ಎಂಬುದು ಎರಡು ದ್ರವ ಕಲಸಿ ಹಚ್ಚುವ ಲೇಪ, ಪೇಂಟಿನಂತೆ ಆರುವುದಲ್ಲ. ರೆಸಿನ್ (ಮೂಲ ಅಂಟು), ಹಾರ್ಡನರ್ (ಅದನ್ನು ಗಟ್ಟಿ ಮಾಡುವ ದ್ರವ) ನಿಗದಿತ ಪ್ರಮಾಣದಲ್ಲಿ ಬೆಸೆದು ಗಟ್ಟಿಯಾಗುತ್ತವೆ. ಹೆಚ್ಚಾದ ಹಾರ್ಡನರ್‌ಗೆ ಜತೆ ಸಿಗದೆ ಹಾಗೇ ಉಳಿಯುತ್ತದೆ. ಉಗುರು ಒತ್ತಿದರೆ ಗುರುತು ಬೀಳುತ್ತದೆ. (ದೋಣಿಗೆ ಫೈಬರ್ ಹೊಡೆಯುವ ಪಾಲಿಯೆಸ್ಟರ್ ರೆಸಿನ್ನಿನ ಲೆಕ್ಕವೇ ಬೇರೆ, ಅದರಲ್ಲಿ ಹಾರ್ಡನರ್ ಸ್ವಲ್ಪ ಹೆಚ್ಚಿಸಿದರೆ ಬೇಗ ಗಟ್ಟಿಯಾಗುತ್ತದೆ. ಗೊಂದಲ ಅಲ್ಲಿಂದಲೇ ಬಂದಿರಬಹುದು.)

ಲೇಬಲ್‌ನಲ್ಲಿ 1:1 ಎಂದಿದ್ದರೆ ಅದು ಅಳತೆಯೋ (ಮಿ.ಲೀ.) ತೂಕವೋ ನೋಡಿ. ರೆಸಿನ್ ಸಾಮಾನ್ಯವಾಗಿ ಹಾರ್ಡನರ್‌ಗಿಂತ ಭಾರ, ಹಾಗಾಗಿ ಎರಡೂ ಒಂದೇ ಅಲ್ಲ. ಅಳತೆಯಾದರೆ ಬೇರೆಬೇರೆ ಸಿರಿಂಜಿನಲ್ಲಿ 3 ಮಿ.ಲೀ.ಯಂತೆ ತೆಗೆದು, ಕಪ್ಪಿನ ಬದಿ, ತಳ ಕೆರೆಯುತ್ತಾ 2-3 ನಿಮಿಷ ಕಲಸಿ. ಅರೆಬರೆ ಕಲಸಿದರೆ ಲ್ಯೂರ್ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಬೆಲ್ಲದ ಪಾಕದಂತೆ ಅಂಟು.

ಪಣಂಬೂರು, ಮಲ್ಪೆಯ ಜೂನ್-ಜುಲೈ ಗಾಳಿಯ ತೇವ ಬೇರೆ ತೊಂದರೆ ಕೊಡುತ್ತದೆ. ತೇವ ಮತ್ತು ಇಂಗಾಲದ ಡೈಆಕ್ಸೈಡ್ ಹಾರ್ಡನರ್ ಜತೆ ಸೇರಿ ಮೇಲೆ ಮೇಣದಂಥ ಪೊರೆ ಕಟ್ಟಬಹುದು. ಹಾರ್ಡನರ್ ಹೆಚ್ಚಿದ್ದರೆ ಇನ್ನೂ ಜಾಸ್ತಿ. ಗುಳ್ಳೆ ಒಡೆಯಲು ಬಾಯಿಂದ ಊದಬೇಡಿ. ಪೊರೆ ಬಂದಿದ್ದರೆ ಗಟ್ಟಿಯಾದ ಮೇಲೆ ಸೋಪುನೀರಲ್ಲಿ ತೊಳೆದು, ಒರೆಸಿ, 400 ನಂಬರ್ ಉಪ್ಪುಕಾಗದದಿಂದ ಉಜ್ಜಿ ಮುಂದಿನ ಕೋಟ್ ಹಾಕಿ. ತೊಳೆಯುವ ಮೊದಲೇ ಉಜ್ಜಿದರೆ ಪೊರೆ ಒಳಗೇ ಮೆತ್ತಿಕೊಳ್ಳುತ್ತದೆ.

ಬೇಗ ಆಗಬೇಕೆಂದರೆ ಬಿಸಿ ಬೇಕು: ಪೆಟ್ಟಿಗೆಯೊಳಗೆ ಹಳೇ ತಂತಿಬಲ್ಬ್ ಉರಿಸಿ 30-35 ಡಿಗ್ರಿ ಇಡಿ, ಎಲ್‌ಇಡಿ ಸಾಲದು. ಕೋಟ್ ಜಾರದಂತೆ ಲ್ಯೂರ್ ನಿಧಾನಕ್ಕೆ ತಿರುಗುತ್ತಿರಲಿ.